ಹಾಲಿನ ಫ್ಯಾಟಿಗೆ ಪುಸ್ತಕ ಇದೆ, ಮಾತ್ರೆಯ ಪರಿಣಾಮಕ್ಕಿಲ್ಲ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ. ಮಂಗಳವಾರ. ಹೊರಗಿನ ಸಿಮೆಂಟ್ ಬೆಂಚಿನ ಮೇಲೆ ನನ್ನ ಚಿಕ್ಕಮ್ಮ, ಪಕ್ಕದಲ್ಲಿ ಅವರ ಮಗ. ಅವನಿಗೆ ಇಪ್ಪತ್ತೆಂಟು ವರ್ಷ. ಅವನು ಆಡುವ ಮಾತುಗಳನ್ನು ಎಣಿಸಿದರೆ ಇಪ್ಪತ್ತು ದಾಟುವುದಿಲ್ಲ, ಅದರಲ್ಲಿ ಅರ್ಧ ದನಕರುಗಳ ಹೆಸರು. ಅಂದು ಅವನು ಬೆಂಚಿನಲ್ಲಿ ಕುಳಿತಿದ್ದಕ್ಕಿಂತ ಎದ್ದು ನಿಂತಿದ್ದೇ ಹೆಚ್ಚು. ಕುಳಿತರೆ ಮೊಣಕಾಲು ಕುಣಿಯುತ್ತದೆ, ಎದ್ದರೆ ಗೋಡೆಯಿಂದ ಗೋಡೆಗೆ ನಡೆಯುತ್ತಾನೆ, ಮತ್ತೆ ಬಂದು ಕೂರುತ್ತಾನೆ, ಮತ್ತೆ ಏಳುತ್ತಾನೆ. ಅಕ್ಕಪಕ್ಕದವರು ಕಾಲು ಹಿಂದಕ್ಕೆ ಎಳೆದುಕೊಂಡು ದಾರಿ ಬಿಡುತ್ತಿದ್ದರು.

ಒಳಗೆ ಹೊಸ ವೈದ್ಯರು. ಚೀಟಿ ನೋಡುವುದಕ್ಕೆ ಮೊದಲು ಅವನನ್ನು ನೋಡಿದರು. ಆಮೇಲೆ ಚಿಕ್ಕಮ್ಮನನ್ನು ಕೇಳಿದರು: "ಈ ಕಾಲು ಕುಣಿಸುವುದು ಯಾವಾಗಿನಿಂದ ಅಮ್ಮ? ಮಾತ್ರೆ ಶುರುವಾಗುವುದಕ್ಕೆ ಮೊದಲೇ ಇತ್ತಾ, ಆಮೇಲೆ ಬಂತಾ?"

ಚಿಕ್ಕಮ್ಮ ಯೋಚಿಸಿದರು. "ಕಬ್ಬು ಕಡಿಸುವಾಗ ಇರಲಿಲ್ಲ ಸಾರ್. ಯುಗಾದಿಯಲ್ಲಿ ಇತ್ತು."

ಕಬ್ಬಿಗೂ ಯುಗಾದಿಗೂ ನಡುವೆ ಅವನ ಮಾತ್ರೆ ಎರಡು ಸಲ ಹೆಚ್ಚಾಗಿತ್ತು. ಮೊದಲು ಹೆಚ್ಚಾದದ್ದು ಕಾಲೋ, ಮಾತ್ರೆಯೋ? ಉತ್ತರ ಯಾರ ಬಳಿಯೂ ಇರಲಿಲ್ಲ. ಅದೇ ಹೊತ್ತಿಗೆ ಚಿಕ್ಕಮ್ಮನ ಕೈಚೀಲದಲ್ಲಿ ಹಾಲಿನ ಡೇರಿಯ ಪುಸ್ತಕವಿತ್ತು. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಎಲ್ಲ ತಾರೀಖಿನ ಸಮೇತ ಇತ್ತು. ಫ್ಯಾಟ್ ಒಂದು ಪಾಯಿಂಟ್ ಇಳಿದರೆ ಹಿಂಡಿ ಬದಲಾಯಿಸಿದ್ದು ಯಾವತ್ತು ಎಂದು ಅವರು ಆ ಪುಟ ನೋಡಿ ಹೇಳಬಲ್ಲರು. ಹಸುವಿನಷ್ಟೇ ಕಟ್ಟುನಿಟ್ಟಾಗಿ ದಿನಕ್ಕೆರಡು ಹೊತ್ತು ಮಾತ್ರೆ ನುಂಗುವ ಮಗನ ಬಗ್ಗೆ ಒಂದು ಸಾಲೂ ಇಲ್ಲ. ಇದು ಚಿಕ್ಕಮ್ಮನ ತಪ್ಪೆಂದು ನಾನು ಹೇಳುತ್ತಿಲ್ಲ. ಬರೆಯಿರಿ ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ, ಏನು ಬರೆಯಬೇಕೆಂದು ತೋರಿಸಿಕೊಟ್ಟೂ ಇರಲಿಲ್ಲ.

ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ, ಜನ ಇನ್ನೂ ಬುದ್ಧಿಮಾಂದ್ಯರು ಎಂದೇ ಕರೆಯುವವರಲ್ಲಿ, ಔಷಧದ ಅಡ್ಡ ಪರಿಣಾಮವನ್ನು ಅಳೆಯುವುದು ಹೇಗೆ ಎಂಬುದು ಸಣ್ಣ ತಾಂತ್ರಿಕ ಪ್ರಶ್ನೆಯಂತೆ ಕಾಣುತ್ತದೆ. ಇಡೀ ಚಿಕಿತ್ಸೆ ಸರಿದಾರಿಯಲ್ಲಿದೆಯೋ ಇಲ್ಲವೋ ಎಂಬುದು ನಿಂತಿರುವುದು ಇದರ ಮೇಲೆಯೇ. ಮಾತು ಬರುವ ರೋಗಿ "ಈ ಮಾತ್ರೆ ತೆಗೆದುಕೊಂಡರೆ ಬಾಯಿ ಒಣಗುತ್ತದೆ, ಬೇಡ" ಎನ್ನುತ್ತಾನೆ. ಮಾತು ಬಾರದವನು ಬಟ್ಟೆ ಹರಿಯುತ್ತಾನೆ, ತಟ್ಟೆ ಎಸೆಯುತ್ತಾನೆ, ತಲೆ ಚಚ್ಚಿಕೊಳ್ಳುತ್ತಾನೆ. ನಾವು ಅದಕ್ಕೆ 'ಹಠ' ಎಂದು ಹೆಸರಿಡುತ್ತೇವೆ. ಹಠಕ್ಕೆ ಮದ್ದು ಕೇಳಿಕೊಂಡು ಮತ್ತೆ ಅದೇ ಬಾಗಿಲಿಗೆ ಹೋಗುತ್ತೇವೆ.

ಇವರಿಗೆ ಮಾನಸಿಕ ಕಾಯಿಲೆಯ ಮಾತ್ರೆ ಯಾತಕ್ಕಾಗಿ ಬೀಳುತ್ತದೆ ಎಂಬುದನ್ನು ಲೆಕ್ಕವಿಟ್ಟ ದೇಶದ ಮಾತು ಕೇಳೋಣ. 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಬ್ರಿಟನ್ನಿನ 33,016 ಮಂದಿ ಬೌದ್ಧಿಕ ಅಂಗವೈಕಲ್ಯವುಳ್ಳ ವಯಸ್ಕರ ದಾಖಲೆಗಳನ್ನು ಜಾಲಾಡಿತು. ಆಂಟಿಸೈಕೋಟಿಕ್ ಮಾತ್ರೆ ಪಡೆದವರಲ್ಲಿ ಶೇ 71ರಷ್ಟು ಮಂದಿಯ ದಾಖಲೆಯಲ್ಲಿ, ಆ ಮಾತ್ರೆ ಯಾವ ಕಾಯಿಲೆಗಾಗಿ ಇದೆಯೋ ಅಂಥ ತೀವ್ರ ಮಾನಸಿಕ ಕಾಯಿಲೆಯ ಉಲ್ಲೇಖವೇ ಇರಲಿಲ್ಲ. ಅವರಲ್ಲಿ ಹಲವರಿಗೆ ಮಾತ್ರೆ ಬಿದ್ದದ್ದು ವರ್ತನೆಗಾಗಿ ಇರಬೇಕು. ಮರುವರ್ಷ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆ 'ಸ್ಟಾಂಪ್' ಎಂಬ ಹೆಸರಿನಲ್ಲಿ, ಇಂಥವರ ಮೇಲಿನ ಔಷಧದ ಹೊರೆ ಇಳಿಸುವ ಕಾರ್ಯಕ್ರಮವನ್ನೇ ಶುರುಮಾಡಬೇಕಾಯಿತು.

ವರ್ತನೆಗೆ ಆ ಮಾತ್ರೆ ಎಷ್ಟು ಕೆಲಸ ಮಾಡುತ್ತದೆ? 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೊಡೆದಾಟ ಬಡಿದಾಟದ ತೊಂದರೆ ಇದ್ದ 86 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ರಿಸ್ಪೆರಿಡೋನ್, ಒಂದಕ್ಕೆ ಹ್ಯಾಲೋಪೆರಿಡಾಲ್ (ಎರಡೂ ಆಂಟಿಸೈಕೋಟಿಕ್), ಮೂರನೆಯದಕ್ಕೆ ಔಷಧವೇ ಇಲ್ಲದ ಹುಸಿಮಾತ್ರೆ. ನಾಲ್ಕು ವಾರಗಳಲ್ಲಿ ಮೂರೂ ಗುಂಪುಗಳಲ್ಲಿ ಆಕ್ರಮಣ ಕಡಿಮೆಯಾಯಿತು. ಎಲ್ಲಕ್ಕಿಂತ ಹೆಚ್ಚು ಕಡಿಮೆಯಾದದ್ದು ಹುಸಿಮಾತ್ರೆಯ ಗುಂಪಿನಲ್ಲಿ. ಇದು ಒಂದೇ ಪ್ರಯೋಗ, ಸಣ್ಣದು. ರಿಸ್ಪೆರಿಡೋನ್‌ನಿಂದ ಕಣ್ಣಿಗೆ ಗುದ್ದಿಕೊಳ್ಳುವುದು ನಿಂತು ಕಣ್ಣು ಉಳಿದವರು, ಕೈ ಕಚ್ಚಿಕೊಳ್ಳುವುದು ನಿಂತವರು ಇದ್ದಾರೆ. ಆದರೆ ಲಾಭ ಇಷ್ಟು ಅನುಮಾನದಲ್ಲಿರುವಾಗ ನಷ್ಟದ ಲೆಕ್ಕ ಇನ್ನಷ್ಟು ಬಿಗಿಯಾಗಿರಬೇಕಿತ್ತು. ಆಗಿರುವುದು ತಿರುಗುಮುರುಗು. ಮಾತ್ರೆ ಕೆಲಸ ಮಾಡಿತೇ ಎಂದು ಅಳೆಯಲು 1985ರಲ್ಲೇ 58 ಪ್ರಶ್ನೆಗಳ ವರ್ತನಾ ಪಟ್ಟಿ ಬಂದು ಜಗತ್ತಿನಾದ್ಯಂತ ಬಳಕೆಯಾಗುತ್ತಿದೆ. ಅಡ್ಡ ಪರಿಣಾಮದ ವಿಷಯಕ್ಕೆ ಬಂದರೆ "ಬೇರೇನಾದರೂ ತೊಂದರೆ ಇದೆಯಾ?" ಎಂಬ ಒಂದು ಪ್ರಶ್ನೆಗೆ ಮುಗಿಯುತ್ತದೆ. "ಏನೂ ಇಲ್ಲ ಸಾರ್" ಎಂಬ ಉತ್ತರವೂ ಸಿದ್ಧವಾಗಿಯೇ ಇರುತ್ತದೆ.

ಇದರ ಜೊತೆಗೆ ಫಿಟ್ಸ್. ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಮೂರ್ಛೆ ರೋಗವಿರುತ್ತದೆ. ಸಾಮಾನ್ಯ ಜನರಲ್ಲಿ ಇದು ನೂರಕ್ಕೆ ಒಬ್ಬರಷ್ಟೂ ಇಲ್ಲ. ಅಂದರೆ ಹಲವರು ಎರಡು ಮೂರು ಬಗೆಯ ಮಾತ್ರೆಗಳನ್ನು ಒಟ್ಟಿಗೆ, ಹತ್ತಾರು ವರ್ಷ ನುಂಗುತ್ತಾರೆ. ಹೊಸ ಔಷಧಗಳ ಪ್ರಯೋಗಗಳಲ್ಲಿ ಇಂಥವರನ್ನು ಬಹುತೇಕ ಸೇರಿಸಿಕೊಳ್ಳುವುದೇ ಇಲ್ಲ. ಒಪ್ಪಿಗೆ ಪಡೆಯುವುದು ಕಷ್ಟ, ಪ್ರಶ್ನೆ ಕೇಳುವುದು ಕಷ್ಟ ಎಂಬುದು ಕಾರಣ. ಪ್ರಯೋಗದಲ್ಲಿ ಜಾಗವಿಲ್ಲದವರೇ ಔಷಧ ಅಂಗಡಿಯ ಖಾಯಂ ಗಿರಾಕಿಗಳು. ಇನ್ನೂ ಒಂದು ವಿಪರ್ಯಾಸವಿದೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಬೌದ್ಧಿಕ ಅಂಗವೈಕಲ್ಯವನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಕಾನೂನು ಕಾಯಿಲೆಯಲ್ಲ ಎನ್ನುತ್ತದೆ, ಡಬ್ಬಿಯಲ್ಲಿ ಕಾಯಿಲೆಯ ಮಾತ್ರೆ ಇರುತ್ತದೆ.

ಈಗ ಆ ಕಾಲಿನ ಕಥೆಗೆ ಬರೋಣ. ನನ್ನ ತಮ್ಮ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದುದಕ್ಕೆ ವೈದ್ಯಕೀಯದಲ್ಲಿ ಅಕತೀಸಿಯಾ ಎಂಬ ಹೆಸರಿದೆ. ಗ್ರೀಕ್ ಮೂಲದ ಪದ, ಕೂರಲಾಗದಿರುವುದು ಎಂದರ್ಥ. 1901ರಲ್ಲಿ ಹಾಶ್ಕೊವೆಟ್ಸ್ ಎಂಬ ಚೆಕ್ ವೈದ್ಯ ಕೊಟ್ಟ ಹೆಸರಿದು. ಆಗ ಆಂಟಿಸೈಕೋಟಿಕ್ ಔಷಧಗಳೇ ಇರಲಿಲ್ಲ, ಅವು ಬಂದದ್ದು 1952ರ ನಂತರ. ಆ ಔಷಧಗಳು ಬಂದ ಮೇಲೆ ಈ ಅಪರೂಪದ ಪದ ದಿನಬಳಕೆಯದಾಯಿತು. ಅನುಭವಿಸಿದವರು ಹೇಳುವಂತೆ ಅದು ಕಾಲಿನ ಚಟವಲ್ಲ, ಮೈಯೊಳಗಿನ ತಳಮಳ. ಚರ್ಮದೊಳಗೆ ಇರುವೆ ಹರಿದಂತೆ, ನಡೆದರೆ ಮಾತ್ರ ಒಂದಿಷ್ಟು ಸಮಾಧಾನ. ಮಾತ್ರೆ ಶುರುಮಾಡಿದ ಅಥವಾ ಹೆಚ್ಚಿಸಿದ ಕೆಲವು ದಿನ, ವಾರಗಳಲ್ಲಿ ಬರುತ್ತದೆ.

ಮಾತಿಲ್ಲದವನಿಗೆ ಈ ತಳಮಳ ಬಂದರೆ ಮನೆಯಲ್ಲಿ ಕಾಣುವುದೇನು? ಊಟಕ್ಕೆ ಕೂರಿಸಿದರೆ ಮುದ್ದೆ ಮುರಿಯುವಷ್ಟರಲ್ಲಿ ಎದ್ದು ಹೋಗುತ್ತಾನೆ. ರಾತ್ರಿ ಚಾಪೆಯಲ್ಲಿ ನಿಲ್ಲುವುದಿಲ್ಲ. ಹಿಡಿದು ಕೂರಿಸಲು ಹೋದವರನ್ನು ತಳ್ಳುತ್ತಾನೆ. ಚಿಕ್ಕಮ್ಮ ಆಸ್ಪತ್ರೆಯಲ್ಲಿ ಹೇಳಿದ್ದು ಇಷ್ಟೇ: "ಮೊದಲಿಗಿಂತ ಜಾಸ್ತಿ ಆಗಿದೆ ಸಾರ್, ಹಿಡಿಯೋಕೆ ಆಗುವುದಿಲ್ಲ." ಹಿಂದಿನ ವೈದ್ಯರು ಕೇಳಿಸಿಕೊಂಡದ್ದು: ಕಾಯಿಲೆ ಜಾಸ್ತಿಯಾಗಿದೆ. ಬರೆದದ್ದು: ಅದೇ ಮಾತ್ರೆ, ಒಂದರ ಬದಲು ಎರಡು. ಬೆಂಕಿ ಆರಿಸಲು ಸೀಮೆಎಣ್ಣೆ ಸುರಿದಂತೆ. ಅವರ ಮೇಲೂ ನನಗೆ ಸಿಟ್ಟಿಲ್ಲ, ಆ ದಿನ ಅವರ ಮುಂದೆ ಸಾಲು ಹೊರಬಾಗಿಲು ದಾಟಿತ್ತು. ಹೀಗೆ ಬೇರೆ ತೊಂದರೆಯನ್ನೂ ಅಂಗವೈಕಲ್ಯದ ಖಾತೆಗೇ ಬರೆಯುವ ಅಭ್ಯಾಸವನ್ನು ಅಮೆರಿಕದ ಸಂಶೋಧಕರು 1982ರಲ್ಲೇ ಗುರುತಿಸಿ ಹೆಸರಿಟ್ಟಿದ್ದರು. ದೊಡ್ಡ ಮರದ ನೆರಳು ಬಿದ್ದು ಕೆಳಗಿನ ಗಿಡ ಕಾಣದಿರುವಂಥದು ಅದು.

ಅಕತೀಸಿಯಾವನ್ನು ಅಳೆಯಲು 1989ರಿಂದ ಬಾರ್ನ್ಸ್ ಎಂಬವರ ಮಾಪಕ ಬಳಕೆಯಲ್ಲಿದೆ. ಅದರಲ್ಲಿ ವೈದ್ಯರ ಕಣ್ಣಿಗೆ ಕಾಣುವುದಕ್ಕೊಂದು ಅಂಕ, ರೋಗಿಯೇ ಹೇಳುವ ಒಳತಳಮಳಕ್ಕೆ ಇನ್ನೆರಡು ಅಂಕ, ಕೊನೆಗೆ ಒಟ್ಟು ತೀರ್ಮಾನ. ಕಾಲು ಕುಣಿಯುತ್ತಿದ್ದು ರೋಗಿ ಒಳಗಿನ ತಳಮಳದ ಬಗ್ಗೆ ಏನೂ ಹೇಳದಿದ್ದರೆ ಅದನ್ನು ಹುಸಿ ಅಕತೀಸಿಯಾ ಎಂದು ವರ್ಗೀಕರಿಸಿ, ಒಟ್ಟು ತೀರ್ಮಾನದಲ್ಲಿ ಸೊನ್ನೆ ಹಾಕಬೇಕು ಎಂಬುದು ಅದರ ನಿಯಮ. ಮಾತಾಡಬಲ್ಲವರಿಗೆ ಈ ನಿಯಮ ಸರಿಯೇ. ನನ್ನ ತಮ್ಮನಂಥವನ ಮೇಲೆ ಇದೇ ಅಳತೆಗೋಲು ಇಟ್ಟರೆ, ಹೇಳಲಾರದವನ ತಳಮಳ ಕಾಗದದ ಮೇಲೆ ಹುಸಿಯಾಗಿಬಿಡುತ್ತದೆ. ಮಾಪಕ ಕೆಟ್ಟದ್ದಲ್ಲ. ಅದನ್ನು ಮಾಡಿದಾಗ ಎದುರು ಕುರ್ಚಿಯಲ್ಲಿ ಕುಳಿತಿದ್ದವರು ಬೇರೆ.

ಬೌದ್ಧಿಕ ಅಂಗವೈಕಲ್ಯ ಇರುವವರಿಗೆಂದೇ ಮಾಡಿದ ಅಳತೆಗಳೂ ಇವೆ. ಬಾಯಿ, ನಾಲಿಗೆ, ಬೆರಳುಗಳ ಅನೈಚ್ಛಿಕ ಚಲನೆಗೆ, ಅಂದರೆ ವರ್ಷಗಟ್ಟಲೆ ಮಾತ್ರೆ ನುಂಗಿದ ಮೇಲೆ ಬರುವ ಟಾರ್ಡಿವ್ ಡಿಸ್ಕೈನೀಸಿಯಾಕ್ಕೆ, ಡಿಸ್ಕಸ್ ಎಂಬ 15 ಅಂಶಗಳ ಮಾಪಕವಿದೆ. ಪ್ರತಿ ಅಂಶಕ್ಕೂ 0ರಿಂದ 4 ಅಂಕ, ಒಟ್ಟು 5 ಅಥವಾ ಹೆಚ್ಚಾದರೆ ಎಚ್ಚರಿಕೆ. ಇನ್ನೊಂದು ಮೆಡ್ಸ್, 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನಿ ಮ್ಯಾಟ್ಸನ್ ಮತ್ತು ಜೊತೆಗಾರರು ರೂಪಿಸಿದ್ದು. ಸುಮಾರು 90 ಅಂಶಗಳನ್ನು ಹೃದಯ, ಹೊಟ್ಟೆ, ಚರ್ಮ, ಹಾರ್ಮೋನು, ನರಮಂಡಲ ಎಂದು ಒಂಬತ್ತು ಭಾಗ ಮಾಡಿದೆ. ವರ್ತನೆ ಮತ್ತು ಅಕತೀಸಿಯಾಕ್ಕೆ ಬೇರೆಯೇ ಭಾಗವಿದೆ. ಪ್ರತಿಯೊಂದೂ ಎಷ್ಟು ತೀವ್ರ, ಎಷ್ಟು ಕಾಲದಿಂದ ಎಂದು ಕೇಳುತ್ತದೆ. ಕೇಳುವುದು ರೋಗಿಯನ್ನಲ್ಲ, ನೋಡಿಕೊಳ್ಳುವವರನ್ನು.

ಇಲ್ಲಿ ಎರಡು ತೊಡಕುಗಳಿವೆ, ಎರಡೂ ದೊಡ್ಡವೇ. ಮೊದಲನೆಯದು ಹಳೆಯ ಚಲನೆಗೂ ಹೊಸ ಚಲನೆಗೂ ವ್ಯತ್ಯಾಸ. ಮೈ ತೂಗುವುದು, ಕೈ ಬೀಸುವುದು, ಬೆರಳು ತಿರುಗಿಸುವುದು ಎಷ್ಟೋ ಮಂದಿಗೆ ಬಾಲ್ಯದಿಂದಲೇ ಇರುತ್ತದೆ, ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ. ನಾಲಿಗೆ ಹೊರಳಿಸುವುದು, ತುಟಿ ಚಪ್ಪರಿಸುವುದು ಮಾತ್ರೆಯ ಗುರುತು ಇರಬಹುದು, ಹಲ್ಲಿಲ್ಲದ ಬಾಯಿಯ ಗುರುತೂ ಇರಬಹುದು. ಮೊದಲ ಮಾತ್ರೆ ನುಂಗುವುದಕ್ಕೆ ಮುಂಚಿನ ಅಳತೆ ಒಂದಿದ್ದರೆ ಮಾತ್ರ ಇದನ್ನು ಬಿಡಿಸಲು ಸಾಧ್ಯ. ಒಂದು ನಿಮಿಷದ ಮೊಬೈಲ್ ವಿಡಿಯೊ ಸಾಕು. ಜೊತೆಗೆ ಟಾರ್ಡಿವ್ ಡಿಸ್ಕೈನೀಸಿಯಾಕ್ಕೊಂದು ಕುತಂತ್ರವಿದೆ. ಮಾತ್ರೆಯೇ ತಂದ ಚಲನೆಯನ್ನು ಅದೇ ಮಾತ್ರೆ ಮುಚ್ಚಿಟ್ಟಿರುತ್ತದೆ. ಮಾತ್ರೆ ಇಳಿಸಿದಾಗ ಚಲನೆ ಹೊರಬರುತ್ತದೆ, ಮನೆಯವರು ಹೆದರುತ್ತಾರೆ, ಮಾತ್ರೆ ಮತ್ತೆ ಏರುತ್ತದೆ. ಇಳಿಸುವ ಮುಂಚೆ, ಇಳಿಸುವಾಗ, ಇಳಿಸಿದ ಮೇಲೆ ಅಳೆಯದಿದ್ದರೆ ಈ ಸುತ್ತಿನಿಂದ ಹೊರಬರುವ ದಾರಿಯೇ ಇಲ್ಲ.

ಪರೀಕ್ಷೆ ಮಾಡುವುದೂ ಹೇಳಿದಷ್ಟು ಸುಲಭವಲ್ಲ. ಸಾಮಾನ್ಯ ರೋಗಿಗಳಿಗೆ ಬಳಸುವ ಏಮ್ಸ್ ಎಂಬ ಮಾಪಕದಲ್ಲಿ ಕ್ರಮ ಹೀಗಿದೆ: ಬಾಯಲ್ಲಿ ಏನೂ ಇರಬಾರದು, ನಮ್ಮ ಕಡೆ ಮೊದಲು ಎಲೆಅಡಿಕೆ ಉಗುಳಿಸಬೇಕು. ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಬೇಕು. ಬಾಯಿ ತೆರೆಸಬೇಕು, ನಾಲಿಗೆ ಚಾಚಿಸಬೇಕು, ಹೆಬ್ಬೆರಳಿನಿಂದ ಒಂದೊಂದು ಬೆರಳನ್ನೂ ಬೇಗ ಬೇಗ ಮುಟ್ಟಿಸಬೇಕು, ಕೈ ಮುಂದಕ್ಕೆ ಚಾಚಿಸಬೇಕು, ನಡೆಸಬೇಕು. ಹೇಳಿದ್ದನ್ನು ಮಾಡುವವರಿಗೆ ಇದು ಐದು ಹತ್ತು ನಿಮಿಷದ ಕೆಲಸ. ನನ್ನ ತಮ್ಮ ಅಂದು ಬಾಯಿ ತೆರೆದದ್ದು ಚಿಕ್ಕಮ್ಮ ಬಾಳೆಹಣ್ಣು ಸುಲಿದಾಗ. ಬೆರಳಿನ ಆಟ ಅವನಿಗೆ ಬೇಡವೇ ಬೇಡ. ಆದರೆ ಹಣ್ಣು ಹಿಡಿದ ಕೈ ನಡುಗುತ್ತಿದ್ದುದು, ಇನ್ನೊಂದು ಕೈ ನಡೆಯುವಾಗ ಬೀಸದೆ ಮೈಗೆ ಅಂಟಿಕೊಂಡಿದ್ದುದು ವೈದ್ಯರಿಗೆ ಕಂಡಿತು. ಹೇಳಿಸಿ ಮಾಡಿಸುವುದಕ್ಕಿಂತ ಅವನು ತಾನಾಗಿ ಮಾಡುವುದನ್ನು ನೋಡುವುದು ಇಲ್ಲಿ ಹೆಚ್ಚು ಫಲ ಕೊಡುತ್ತದೆ.

ಎರಡನೆಯ ತೊಡಕು ಉತ್ತರ ಹೇಳುವವರದು. ರೋಗಿಯ ಬದಲು ತಾಯಿಯನ್ನು ಕೇಳಿದರೆ ತಾಯಿಯ ಕಣ್ಣಿನಿಂದ ನೋಡಿದ ಉತ್ತರ ಸಿಗುತ್ತದೆ. ಡೇ ಕೇರ್ ಕೇಂದ್ರದ ಆಯಾ ಹೇಳುವುದು ಬೇರೆ, ಏಕೆಂದರೆ ಅವರು ನೋಡುವುದು ಹತ್ತರಿಂದ ನಾಲ್ಕರವರೆಗೆ. ರಾತ್ರಿ ನಿದ್ದೆಯ ವಿಷಯ ಅವರಿಗೆ ಗೊತ್ತಿಲ್ಲ, ಹಗಲು ತೂಕಡಿಸುವುದು ತಾಯಿಗೆ ಗೊತ್ತಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದೊಂದಿದೆ. ವರ್ಷಗಟ್ಟಲೆ ಪೆಟ್ಟು ತಿಂದು, ನಿದ್ದೆಗೆಟ್ಟು ಸಾಕಾದ ಮನೆಗೆ ಮಂಪರೇ ವರದಂತೆ ಕಾಣುತ್ತದೆ. "ಈಗ ಪರವಾಗಿಲ್ಲ, ಒಂದು ಕಡೆ ಕೂತಿರುತ್ತಾನೆ" ಎಂದು ತಾಯಿ ಸಮಾಧಾನದಿಂದ ಹೇಳುವ ವಾಕ್ಯ, ಮಾಪಕದ ಭಾಷೆಯಲ್ಲಿ ತೀವ್ರ ಮಂಪರು ಇರಬಹುದು. ಮೂರು ತಿಂಗಳಲ್ಲಿ ಎಂಟು ಕಿಲೊ ಏರಿದರೆ ನೆಂಟರು "ಮೈಕೈ ತುಂಬಿಕೊಂಡಿದ್ದಾನೆ" ಎಂದು ಸಂತೋಷಪಡುತ್ತಾರೆ. ನಮ್ಮ ಕಡೆ ದಪ್ಪಗಾಗುವುದು ಅಡ್ಡ ಪರಿಣಾಮವೆಂದು ಯಾರಿಗೂ ಅನ್ನಿಸುವುದಿಲ್ಲ, ಸಕ್ಕರೆ ಕಾಯಿಲೆ ಬರುವವರೆಗೆ.

ಇನ್ನು ಭಾಷೆ. ಇಂಗ್ಲಿಷ್ ಮಾಪಕವನ್ನು ಕನ್ನಡಕ್ಕೆ ತಂದರೆ ಆಯಿತು ಎಂದುಕೊಳ್ಳುವವರು ಒಮ್ಮೆ ಮಳವಳ್ಳಿಯ ಕಡೆಯ ಹಳ್ಳಿಯ ಜಗುಲಿಯಲ್ಲಿ ಕುಳಿತು ಆ ಪ್ರಶ್ನೆಗಳನ್ನು ಕೇಳಿ ನೋಡಬೇಕು. 'ಸುಸ್ತು' ಎಂಬ ಒಂದೇ ಮಾತಿನಲ್ಲಿ ಮಂಪರು, ಸ್ನಾಯುಗಳ ನಿಶ್ಶಕ್ತಿ, ಬೇಸರ, ರಕ್ತಹೀನತೆ ಎಲ್ಲ ಸೇರಿರುತ್ತವೆ. 'ಮಂಕಾಗಿದ್ದಾನೆ' ಎಂದರೆ ಔಷಧದಿಂದ ಮುಖದ ಸ್ನಾಯು ಬಿಗಿದು ಭಾವವೇ ಕಾಣದಿರುವುದೂ ಆಗಬಹುದು, ನಿಜವಾದ ದುಃಖವೂ ಆಗಬಹುದು. ಎಲ್ಲಕ್ಕಿಂತ ದೊಡ್ಡದು 'ಹೀಟು'. ಮಾತ್ರೆ ಹೀಟು ಎಂದು ಹೇಳದ ಮನೆಯಿಲ್ಲ. ಬಾಯಿಹುಣ್ಣು ಹೀಟು, ಉರಿಮೂತ್ರ ಹೀಟು, ಮಲಬದ್ಧತೆ ಹೀಟು, ಕಣ್ಣುರಿ ಹೀಟು, ಮೂಗಿನಲ್ಲಿ ರಕ್ತ ಬಂದರೂ ಹೀಟು. ವೈದ್ಯರು ಇದನ್ನು ಕೇಳಿ ನಕ್ಕು ಮಜ್ಜಿಗೆ ಕೊಡಿ ಎಂದರೆ ಅಲ್ಲಿಗೆ ಮುಗಿಯಿತು. ಆದರೆ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್ ಶುರುಮಾಡಿದ ಎರಡನೆಯ ವಾರದಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಬಂದರೆ ಅದು ಪ್ರಾಣಕ್ಕೇ ಎರವಾಗುವ ಚರ್ಮದ ಪ್ರತಿಕ್ರಿಯೆಯ ಮೊದಲ ಗುರುತು ಇರಬಹುದು. ಫಿಟ್ಸ್‌ನದೇ ಇನ್ನೊಂದು ಮಾತ್ರೆ ಸೋಡಿಯಂ ವ್ಯಾಲ್ಪ್ರೊಯೇಟ್ ನುಂಗುವವನ ಮೂಗಿನಲ್ಲಿ ರಕ್ತ ಬಂದರೆ ಪ್ಲೇಟ್ಲೆಟ್ ನೋಡಬೇಕು. ಹಾಗಾಗಿ ಕನ್ನಡದ ಪಟ್ಟಿಯೊಂದನ್ನು ನಾನು ಮಾಡುವುದಾದರೆ ಮೊದಲ ಸಾಲು ಹೀಗಿರುತ್ತದೆ: "ಹೀಟ್ ಆಗಿದೆಯಾ? ಆಗಿದ್ದರೆ ಎಲ್ಲಿ?" ಜನ ಆಡುವ ಮಾತಿನಿಂದ ಹೊರಟು ದೇಹದ ಜಾಗಕ್ಕೆ ಹೋಗಬೇಕು. ಅಕತೀಸಿಯಾಕ್ಕೆ ಕನ್ನಡದಲ್ಲಿ ಒಂದು ಪದ ಹುಡುಕುವ ಅಗತ್ಯವೂ ಇಲ್ಲ. "ಊಟಕ್ಕೆ ಕೂತರೆ ಪೂರ್ತಿ ಮುಗಿಸಿ ಏಳುತ್ತಾನಾ, ಮಧ್ಯೆ ಎಷ್ಟು ಸಲ ಏಳುತ್ತಾನೆ?" ಎಂದು ಕೇಳಿದರೆ ಯಾವ ತಾಯಿಯೂ ಸರಿಯಾದ ಸಂಖ್ಯೆ ಹೇಳುತ್ತಾಳೆ.

ಯಾರನ್ನೂ ಕೇಳದೆಯೇ ತಿಳಿಯುವುದೂ ಬಹಳಷ್ಟಿದೆ. ತೂಕದ ಯಂತ್ರಕ್ಕೆ ಮಾತು ಬೇಡ, ಹೊಟ್ಟೆಯ ಸುತ್ತಳತೆಗೆ ದರ್ಜಿಯ ಟೇಪು ಸಾಕು. ಹೊಸ ತಲೆಮಾರಿನ ಆಂಟಿಸೈಕೋಟಿಕ್ ಶುರುಮಾಡುವ ಮುನ್ನ ತೂಕ, ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶ ನೋಡಬೇಕು, ಸುತ್ತಳತೆ ಬಿಟ್ಟು ಉಳಿದವನ್ನು ಮೂರು ತಿಂಗಳಿಗೆ ಮತ್ತೆ ನೋಡಬೇಕು ಎಂಬ ಒಪ್ಪಂದಕ್ಕೆ ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲೇ ಬಂದಿದ್ದವು. ಹೆಣ್ಣುಮಕ್ಕಳಲ್ಲಿ ಮುಟ್ಟಿನ ತಾರೀಖು. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಮುಟ್ಟು ನಿಲ್ಲಿಸಬಹುದು, ಎದೆಹಾಲು ತರಬಹುದು. ಮುಟ್ಟು ನಿಂತರೆ ಒಂದು ಕಾಟ ತಪ್ಪಿತು ಎಂದುಕೊಳ್ಳುವ ಮನೆಗಳನ್ನು ನಾನು ಬಲ್ಲೆ. ಫಿಟ್ಸ್‌ಗೆ ಫೆನಿಟಾಯಿನ್ ನುಂಗುವ ಹಲವರ ವಸಡು ಹಲ್ಲಿನ ಮೇಲೆ ಬೆಳೆಯುತ್ತದೆ, ಟಾರ್ಚ್ ಹಿಡಿದರೆ ಕಾಣುತ್ತದೆ. ಪ್ರಮಾಣ ಹೆಚ್ಚಾದರೆ ನಡಿಗೆ ತೂರಾಡುತ್ತದೆ, ನೋಡಿದವರು ಮೊದಲಿನಿಂದಲೂ ಹಾಗೆಯೇ ನಡೆಯುತ್ತಾನೆ ಎಂದುಕೊಳ್ಳುತ್ತಾರೆ. ಫಿಟ್ಸ್‌ಗೇ ಕೊಡುವ ಫಿನೊಬಾರ್ಬಿಟೋನ್ ಮಕ್ಕಳನ್ನು ಮಲಗಿಸುವ ಬದಲು ಕುಣಿಸುವುದುಂಟು. ಅದೇ ಬಗೆಯ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಟ್ಟು ತರುತ್ತದೆ, ಆ ಸಿಟ್ಟಿಗೆ ಇನ್ನೊಂದು ಮಾತ್ರೆ ಬೀಳುತ್ತದೆ.

ಮಲಬದ್ಧತೆಯ ಬಗ್ಗೆ ಮಾತ್ರ ಒಂದೆರಡು ಮಾತು ಹೆಚ್ಚು ಹೇಳಬೇಕು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಂಟಿಸೈಕೋಟಿಕ್ ಜೊತೆಗೆ ಕೈನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಬಾಯಿ ಒಣಗಿಸುತ್ತದೆ, ಕರುಳನ್ನು ನಿಧಾನ ಮಾಡುತ್ತದೆ. ಎರಡು ಮೂರು ಮಾತ್ರೆ ಸೇರಿದರೆ ಕರುಳು ನಿಂತೇಬಿಡಬಹುದು, ಕ್ಲೋಜಪೀನ್ ಎಂಬ ಆಂಟಿಸೈಕೋಟಿಕ್‌ನಲ್ಲಿ ಇದರಿಂದ ಸಾವುಗಳೂ ಆಗಿವೆ. ನಾಲ್ಕು ದಿನ ಹೊಟ್ಟೆ ಕಟ್ಟಿದವನು ತಲೆ ಚಚ್ಚಿಕೊಂಡರೆ ಅದು ವರ್ತನೆಯ ಸಮಸ್ಯೆಯೇ? ಕಕ್ಕಸಿಗೆ ಹೋದ ದಿನ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಟ್ಟರೆ ಈ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಚುಕ್ಕೆಗಳು ಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಮಾಪಕದಲ್ಲಿ ಅಂಕ ಏರಿದ ಮಾತ್ರಕ್ಕೆ ಮಾತ್ರೆಯೇ ಕಾರಣವೆನ್ನಲಾಗದು, ಕಿವಿನೋವೂ ಇರಬಹುದು, ಮನೆಯಲ್ಲಿ ಅಜ್ಜಿ ತೀರಿಕೊಂಡದ್ದೂ ಇರಬಹುದು. ಔಷಧವೇ ಕಾರಣವೇ ಎಂದು ತೂಗಲು 1981ರಿಂದ ನರಾಂಜೊ ಎಂಬ ಹತ್ತು ಪ್ರಶ್ನೆಗಳ ವಿಧಾನವಿದೆ. ಔಷಧ ಕೊಟ್ಟ ಮೇಲೆ ಬಂತೇ, ನಿಲ್ಲಿಸಿದಾಗ ಕಡಿಮೆಯಾಯಿತೇ, ಮತ್ತೆ ಕೊಟ್ಟಾಗ ಮರಳಿತೇ, ಪ್ರಮಾಣ ಏರಿಸಿದಾಗ ಜೋರಾಯಿತೇ. ಗಮನಿಸಿ, ಇವೆಲ್ಲ ತಾರೀಖಿನ ಪ್ರಶ್ನೆಗಳು. ಕಬ್ಬು, ಯುಗಾದಿ ಎಂಬ ಲೆಕ್ಕದಲ್ಲಿ ಇವಕ್ಕೆ ಉತ್ತರ ಸಿಗುವುದಿಲ್ಲ.

ಮೈಸೂರು ಮಂಡ್ಯ ಸೀಮೆಗೆ ಈ ವಿಷಯದಲ್ಲಿ ಕೊರತೆಯೆಂದರೆ ಕೈಗಳದ್ದಲ್ಲ, ಕೈಗಳ ನಡುವಿನ ಹಗ್ಗದ್ದು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತಿಲ್ಲದವರಿಗೆ ಚಿತ್ರಫಲಕ, ಸನ್ನೆಗಳ ಮೂಲಕ ಹೇಳಿಕೊಳ್ಳಲು ಕಲಿಸುವುದು ಅದರ ಕೆಲಸಗಳಲ್ಲೊಂದು. ಆ ಫಲಕದಲ್ಲಿ ಅನ್ನ, ನೀರು, ಬಸ್ಸು ಇರುವಂತೆ 'ಹೊಟ್ಟೆನೋವು', 'ತಲೆ ತಿರುಗುತ್ತದೆ', 'ಕಾಲು ನಿಲ್ಲುವುದಿಲ್ಲ' ಎಂಬ ಚಿತ್ರಗಳೂ ಇದ್ದರೆ, ಕೆಲವರಾದರೂ ತಮ್ಮ ಅಡ್ಡ ಪರಿಣಾಮವನ್ನು ತಾವೇ ತೋರಿಸಬಲ್ಲರು. ಎಲ್ಲರ ಪರವಾಗಿಯೂ ತಾಯಿಯೇ ಮಾತಾಡಬೇಕೆಂದಿಲ್ಲ. ಸೌಮ್ಯ ಪ್ರಮಾಣದ ಅಂಗವೈಕಲ್ಯ ಇರುವವರನ್ನು ನೇರವಾಗಿ, ಸಣ್ಣ ಸಣ್ಣ ಪ್ರಶ್ನೆಗಳಲ್ಲಿ ಕೇಳಬಹುದು. ಕೇಳುವುದಿಲ್ಲ ಎಂಬುದೇ ತೊಂದರೆ. ವೈದ್ಯರು ಅವರ ತಲೆಯ ಮೇಲಿನಿಂದ ತಾಯಿಯೊಡನೆ ಮಾತಾಡುತ್ತಾರೆ. ಜೆಎಸ್‌ಎಸ್‌ನ ಔಷಧ ವಿಜ್ಞಾನ ಕಾಲೇಜು ವಾರ್ಡಿಗೇ ಹೋಗಿ ಔಷಧಗಳನ್ನು ಪರಿಶೀಲಿಸುವ ಕ್ಲಿನಿಕಲ್ ಫಾರ್ಮಸಿಯನ್ನು ದೇಶದಲ್ಲಿ ಬಹಳ ಮೊದಲೇ, ತೊಂಬತ್ತರ ದಶಕದಲ್ಲೇ ಆರಂಭಿಸಿದ ಸಂಸ್ಥೆಗಳಲ್ಲೊಂದು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ವೈದ್ಯಕೀಯ ಕಾಲೇಜು ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. ಮಾತ್ರೆಯೂ ಅಲ್ಲಿಯೇ ಸಿಗುತ್ತದೆ, ಸಿಗದ ದಿನ ಹೊರಗೆ ಕೊಳ್ಳಬೇಕು.

ಹೊರಗೆ ಕೊಂಡ ಮಾತ್ರೆಯದೇ ಇನ್ನೊಂದು ರಗಳೆ. ಕಂಪನಿ ಬದಲಾದರೆ ಬಣ್ಣ ಬದಲಾಗುತ್ತದೆ, ಎರಡು ಮಿಲಿಗ್ರಾಂ ಇಲ್ಲದಿದ್ದರೆ ನಾಲ್ಕರದ್ದನ್ನು ಬ್ಲೇಡಿನಲ್ಲಿ ಕತ್ತರಿಸಿ ಕೊಡುತ್ತಾರೆ, ಅರ್ಧದ ಬದಲು ಮುಕ್ಕಾಲು ಬಾಯಿಗೆ ಬೀಳುತ್ತದೆ. ಆ ವಾರದ ಮಂಪರಿಗೆ ಕಾರಣ ಯಾರಿಗೂ ತಿಳಿಯುವುದಿಲ್ಲ. ಬರೆದಿಡುವುದಾದರೆ ಮಾತ್ರೆಯ ಹಾಳೆಯ ಹಿಂಭಾಗವನ್ನೂ ಫೋಟೊ ತೆಗೆದಿಡಬೇಕು.

ಅಡ್ಡ ಪರಿಣಾಮವನ್ನು ಸರ್ಕಾರಕ್ಕೆ ತಿಳಿಸುವ ದಾರಿಯೂ ತೆರೆದೇ ಇದೆ. 2010ರಲ್ಲಿ ಶುರುವಾದ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ಗಾಜಿಯಾಬಾದಿನಲ್ಲಿ ಕೇಂದ್ರವಿದೆ. ರೋಗಿ ಅಥವಾ ಮನೆಯವರೇ ತುಂಬಬಹುದಾದ ನಮೂನೆ ಕನ್ನಡದಲ್ಲೂ ಇದೆ, 1800-180-3024ಕ್ಕೆ ಉಚಿತವಾಗಿ ಕರೆ ಮಾಡಬಹುದು. ಆ ನಮೂನೆಯನ್ನು ಯಾವ ಹೊರರೋಗಿ ವಿಭಾಗದ ಮೇಜಿನ ಮೇಲೂ ನಾನು ಕಂಡಿಲ್ಲ.

ಅಳೆಯುವುದರ ವಿರುದ್ಧ ಒಂದು ಆಕ್ಷೇಪವನ್ನು ವೈದ್ಯರ ಬಾಯಿಂದಲೇ ಕೇಳಿದ್ದೇನೆ: ಪಟ್ಟಿ ಕೊಟ್ಟರೆ ಮನೆಯವರು ಹೆದರಿ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹೆದರಿಕೆ ಸುಳ್ಳಲ್ಲ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೆ ಅಪಾಯವಾಗಬಹುದು. ಬೇರೆ ಮಾತ್ರೆಗಳನ್ನೂ ಹಂತಹಂತವಾಗಿ, ವೈದ್ಯರ ಕಣ್ಣೆದುರೇ ಇಳಿಸಬೇಕು. ಆದರೆ ಪಟ್ಟಿಯಿಲ್ಲದ ಈ ಕಾಲದಲ್ಲೂ ಜನ ಮಾತ್ರೆ ನಿಲ್ಲಿಸುತ್ತಲೇ ಇದ್ದಾರೆ. ಮಗ ಮಂಕಾದದ್ದನ್ನು ನೋಡಲಾರದೆ, ಯಾರಿಗೂ ಹೇಳದೆ, ಒಂದು ಸಂಜೆ ಡಬ್ಬಿಯನ್ನು ಅಟ್ಟದ ಮೇಲಿಡುತ್ತಾರೆ. ಮುಂದಿನ ಭೇಟಿಯಲ್ಲಿ "ಕೊಡುತ್ತಿದ್ದೇವೆ ಸಾರ್" ಎನ್ನುತ್ತಾರೆ. ತೊಂದರೆಯನ್ನು ಹೇಳಲು ಒಂದು ಜಾಗವಿದ್ದರೆ ಹೀಗೆ ಸುಳ್ಳು ಹೇಳಬೇಕಾದ ಪ್ರಸಂಗ ಕಡಿಮೆಯಾದೀತು ಎಂಬುದು ನನ್ನ ಅನಿಸಿಕೆ.

ಆ ವೈದ್ಯರು ಅಂದು ಹೊಸ ಮಾತ್ರೆ ಬರೆಯಲಿಲ್ಲ. ಇದ್ದದ್ದನ್ನು ಕಾಲುಭಾಗ ಇಳಿಸಿದರು, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಮೂರು ಗುರುತು ಹಾಕಿ ಎಂದರು: ಊಟದ ಮಧ್ಯೆ ಎಷ್ಟು ಸಲ ಎದ್ದ, ರಾತ್ರಿ ಎಷ್ಟು ಹೊತ್ತು ಮಲಗಿದ, ಕಕ್ಕಸಿಗೆ ಹೋದನೇ. ಚಿಕ್ಕಮ್ಮ ಅಕ್ಷರ ನಿಧಾನವಾಗಿ ಬರೆಯುವವರು, ಅಂಕೆಯಲ್ಲಿ ಚುರುಕು. ಮೊದಲ ನಾಲ್ಕು ದಿನ ಊಟದ ಅಂಕೆ ಏಳು, ಒಂಬತ್ತು, ಎಂಟು, ಎಂಟು. ಐದನೆಯ ದಿನ ಮದುವೆಗೆ ಹೋಗಿದ್ದರಿಂದ ಖಾಲಿ. ಎರಡನೆಯ ವಾರ ಐದು, ಆರು, ನಾಲ್ಕು. ಒಂದು ದಿನ ಹನ್ನೊಂದು ಎಂದಿತ್ತು, ಪಕ್ಕದಲ್ಲಿ ಸಣ್ಣಗೆ 'ಕರೆಂಟ್ ಇಲ್ಲ' ಎಂದು ಬರೆದಿದ್ದರು. ಮಂಗಳವಾರ ಬೆಳಿಗ್ಗೆ ಆ ತಿಂಗಳ ಹಾಳೆಯನ್ನು ಹರಿದು, ನಾಲ್ಕು ಮಡಿಕೆ ಮಡಚಿ, ಡೇರಿ ಪುಸ್ತಕದೊಳಗೆ ಇಟ್ಟುಕೊಂಡು ಬಸ್ಸು ಹತ್ತಿದರು.